ನೋಡಿದವರ ಪಟ್ಟಿ

ಆ ಬಟ್ಟೆ ಅಂಗಡಿಗೆ ನಾಲ್ಕು ಅಂತಸ್ತು. ಮೆಟ್ಟಿಲು ನೂರಾ ಹನ್ನೆರಡು. ದಿನಕ್ಕೆ ಮೂರು ಸಲ ಅವನ್ನು ಒರೆಸುವವಳಿಗೆ ಜೊತೆಯವರು ಇಟ್ಟ ಹೆಸರು ಮೆಟ್ಟಿಲಕ್ಕ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. ಗಿರಾಕಿಗಳು "ಏಯ್" ಎನ್ನುತ್ತಿದ್ದರು. ಸೂಪರ್‌ವೈಸರ್ ಚಿಟಿಕೆ ಹೊಡೆಯುತ್ತಿದ್ದ.

ಗುಡಿಸಿ ಒರೆಸುವ ಹೆಂಗಸರು ಒಟ್ಟು ಏಳು ಜನ. ಫಿನಾಯಿಲ್ ನೀರಲ್ಲಿ ನೆನೆದು ನೆನೆದು ಏಳು ಜನರ ಬೆರಳ ಸಂದಿಯೂ ಬಿರಿದಿತ್ತು. ಬೆಳಿಗ್ಗೆ ಸ್ವಂತ ಬಟ್ಟೆಯಲ್ಲಿ ಬರಬೇಕು. ಅದನ್ನು ಬಿಚ್ಚಿಟ್ಟು ಕಂಪನಿಯ ಕಂದು ನಿಲುವಂಗಿ ತೊಡಬೇಕು. ಸಂಜೆ ನಿಲುವಂಗಿ ಕಳಚಿಟ್ಟು ಸ್ವಂತ ಬಟ್ಟೆಯಲ್ಲಿ ಹೋಗಬೇಕು. ನಿಲುವಂಗಿಗೆ ಜೇಬಿಲ್ಲ. ಜೇಬಿದ್ದರೆ ಕೈ ಹೋಗುತ್ತದೆ, ಕೈ ಹೋದರೆ ಮಾಲು ಹೋಗುತ್ತದೆ ಎಂಬುದು ಮಾಲೀಕರ ತತ್ವಜ್ಞಾನ.

ಬಟ್ಟೆ ಬದಲಾಯಿಸಲು ಗಿರಾಕಿಗಳಿಗೆ ಅಂತಸ್ತಿಗೆ ಆರು ಕೋಣೆ. ಒಂದೊಂದಕ್ಕೂ ಆಳೆತ್ತರದ ಕನ್ನಡಿ, ದಪ್ಪ ಚಿಲಕ, ಹೊರಗೆ ಬಂಗಾರದ ಬಣ್ಣದ ಫಲಕ: 'ನಿಮ್ಮ ಖಾಸಗಿತನ ನಮ್ಮ ಹೊಣೆ. ಇಲ್ಲಿ ಕ್ಯಾಮೆರಾ ಇಲ್ಲ.' ಆ ಫಲಕದ ಧೂಳು ಒರೆಸುವುದು ಮೆಟ್ಟಿಲಕ್ಕನ ಪಾಲಿನ ಕೆಲಸ. ಒಳಗೆ ಹೋಗಿ ತಾನು ಬಟ್ಟೆ ಬದಲಿಸುವ ಹಾಗಿಲ್ಲ. ಕನ್ನಡಿಗೆ ಬೆವರಿನ ವಾಸನೆ ಹತ್ತುತ್ತದಂತೆ. ಏಳು ಜನರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಬಕೆಟ್ಟು ಕೋಣೆ. ಅಲ್ಲಿ ಫಿನಾಯಿಲ್ ಡಬ್ಬ, ಪೊರಕೆ, ಹಿಂಡಿದ ಒರೆಸುಬಟ್ಟೆ, ಗೋಡೆಗೆ ಏಳು ಮೊಳೆ. ಬಾಗಿಲಿಗೆ ಚಿಲಕವಿಲ್ಲ; ಒಬ್ಬಳು ಒಳಗೆ ಬದಲಿಸುವಾಗ ಇನ್ನೊಬ್ಬಳು ಹೊರಗೆ ಕಾವಲು. ಒಂದು ಚಿಲಕ ಹಾಕಿಸಿ ಎಂದು ಎರಡು ವರ್ಷದಿಂದ ಗೋಗರೆದಿದ್ದರು.

"ಬಕೆಟ್ಟು ಯಾರು ಕದೀತಾರಮ್ಮ?" ಎಂದು ಸೂಪರ್‌ವೈಸರ್ ನಕ್ಕಿದ್ದ.

ಒಂದು ಸೋಮವಾರ ಲಿಫ್ಟು ಕೆಟ್ಟಿತು. ಹೊಸ ಮಾಲು ಬಂದು ಬಾಗಿಲಲ್ಲಿ ಬಿದ್ದಿತ್ತು. ಸೂಪರ್‌ವೈಸರ್ ಚಿಟಿಕೆ ಹೊಡೆದ.

"ಈ ಗಂಟುಗಳನ್ನ ಮೇಲಕ್ಕೆ ಸಾಗಿಸು."

"ನಂಗೆ ಭಾರ ಎತ್ತೋಕಾಗಲ್ಲ ಸಾರ್. ಆಪರೇಶನ್ ಆಗಿದೆ. ಡಾಕ್ಟ್ರು ಬೇಡ ಅಂದಿದಾರೆ."

"ಹಳೇ ಕಥೆ ಬಿಡಮ್ಮ. ಆ ಹೊಲಿಗೆ ಮಾಸಿ ಬೆಳ್ಳಗಾಗಿದೆ. ಎತ್ತು, ಎತ್ತು."

ಅವಳು ಎತ್ತಿದಳು. ಒಂದು ಗಂಟು ಮುಟ್ಟಿಸಿ ಬಂದಳು. ಎರಡನೆಯದನ್ನು ಹೊತ್ತು ಮೂರನೇ ಅಂತಸ್ತಿನ ತಿರುವಿಗೆ ಬಂದಾಗ ಆ ಮಾತು ಕಾಲಿಗೆ ಮುಳ್ಳಿನಂತೆ ಚುಚ್ಚಿತು. ನಿಂತಳು.

ಹೊಕ್ಕುಳ ಕೆಳಗಿನ ಆ ಹೊಲಿಗೆ ನೋಡಿದವರು ಇಡೀ ಜಗತ್ತಿನಲ್ಲಿ ಮೂರೇ ಜನ. ಹೊಲಿದ ಡಾಕ್ಟರು. ಕಟ್ಟಿಕೊಂಡ ಗಂಡ. ಮುಲಾಮು ಹಚ್ಚಿದ ಅತ್ತೆ. ಈ ನಾಲ್ಕನೆಯವನು ಎಲ್ಲಿಂದ ಹುಟ್ಟಿದ? ಹೊಲಿಗೆ ಇದೆ ಎಂದಷ್ಟೇ ಅಲ್ಲ, ಬಣ್ಣ ಬೇರೆ ಹೇಳುತ್ತಾನೆ.

ಗಂಟನ್ನು ಅಲ್ಲೇ ಕೆಡವಿದಳು. ಇಳಿದು ಬಂದು ಬಕೆಟ್ಟು ಕೋಣೆ ಹೊಕ್ಕಳು. ಒಂದು ಬಕೆಟ್ಟು ಬೋರಲು ಹಾಕಿ ಹತ್ತಿ ನಿಂತಳು. ಬಾಗಿಲ ನೆತ್ತಿಯ ಮೇಲೆ ನೀರಿನ ಪೈಪು. ಪೈಪಿಗೂ ಗೋಡೆಗೂ ನಡುವೆ ಮೆಣಸಿನ ಕಾಳಿನಷ್ಟು ಕಪ್ಪಗೆ ಏನೋ ಮಿನುಗಿತು. ಜಿರಲೆ ಇರಬೇಕೆಂದು ಕೈ ಬೀಸಿದಳು. ಜಿರಲೆಯಾಗಿದ್ದರೆ ಓಡುತ್ತಿತ್ತು. ಇದು ಓಡಲಿಲ್ಲ. ಹಿಡಿದು ಎಳೆದರೆ ಹಿಂದೆ ಸಣ್ಣ ವೈರು, ವೈರಿನ ತುದಿ ಗೋಡೆಯೊಳಗೆ.

ಇಳಿದು, ಬಕೆಟ್ಟನ್ನು ನೆಟ್ಟಗೆ ಮಾಡಿದಳು. ಉಳಿದ ಆರು ಜನರನ್ನು ಕರೆದಳು.

ಎಲ್ಲರಿಗಿಂತ ಚಿಕ್ಕವಳನ್ನು ಸಣ್ಣಿ ಎಂದು ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ. ಅವಳು ಆ ಕಪ್ಪು ಕಾಳನ್ನು ನೋಡಿ, ಮೈಮೇಲೆ ಬಟ್ಟೆ ಇದ್ದರೂ ಎರಡೂ ಕೈಯಲ್ಲಿ ಮೈ ಮುಚ್ಚಿಕೊಂಡು ಕುಕ್ಕರಿಸಿದಳು.

"ಅಕ್ಕಾ, ನಾನು ಕೆಲಸಕ್ಕೆ ಸೇರಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು. ಅವಳೇ ಬೆರಳು ಮಡಿಸುತ್ತಾ ಹೋದಳು. ದಿನಕ್ಕೆ ಎರಡು ಸಲ. ಬೆರಳು ಸಾಲಲಿಲ್ಲ.

ಏಳು ಜನರಲ್ಲಿ ಹಿರಿಯಳು ದೊಡ್ಡಮ್ಮ. ಹಲ್ಲು ಅರ್ಧ ಬಿದ್ದಿತ್ತು, ನಾಲಿಗೆ ಮಾತ್ರ ಗಟ್ಟಿ. "ನನ್ನಂಥ ಒಣಕಲು ಮುದುಕೀನೂ ಬಿಟ್ಟಿಲ್ವಲ್ಲೇ ಈ ದರಿದ್ರಗಳು" ಎಂದು ಕಪ್ಪು ಕಾಳಿನ ಮುಖಕ್ಕೇ ಉಗಿದಳು.

ಮ್ಯಾನೇಜರ್ ಕೋಣೆಗೆ ಏಳೂ ಜನ ಒಟ್ಟಿಗೆ ನುಗ್ಗಿದರು. ಮ್ಯಾನೇಜರ್ ಗಾಬರಿಯಾಗಲಿಲ್ಲ. ಕಾನೂನು ಸಲಹೆಗಾರರಿಗೆ ಫೋನು ಮಾಡಿದ. ಅರ್ಧ ಗಂಟೆಯಲ್ಲಿ ವಕೀಲ ಬಂದ. ಅಲ್ಲಿಯವರೆಗೆ ಹೆಂಗಸರು ನಿಂತೇ ಇದ್ದರು.

"ಕಳ್ಳತನ ತಡೆಯೋಕೆ ಹಾಕಿದ್ದು. ಭದ್ರತೆ," ಎಂದ ಮ್ಯಾನೇಜರ್.

"ಚರ್ಮದೊಳಗೆ ಏನ್ ಬಚ್ಚಿಟ್ಕೊಂಡಿದೀವಿ ಅಂತ ನೋಡಿದ್ರಿ ಸಾರ್?" ಎಂದಳು ಮೆಟ್ಟಿಲಕ್ಕ.

ವಕೀಲ ಕೈ ಎತ್ತಿ ಸುಮ್ಮನಿರಿಸಿದ. ಕಟ್ಟಡದ ನಕ್ಷೆಯನ್ನು ಮೇಜಿನ ಮೇಲೆ ಹರಡಿದ.

"ಇಲ್ಲಿ ನೋಡಮ್ಮ. ನಕ್ಷೆ ಪ್ರಕಾರ ಅದು ಸಾಮಾನು ಕೋಣೆ. ಬಟ್ಟೆ ಬದಲಿಸೋ ಕೋಣೆ ಅಲ್ಲ. ಖಾಸಗಿತನ ಇರುತ್ತೆ ಅಂತ ನಂಬಬಹುದಾದ ಜಾಗದಲ್ಲಿ ಕದ್ದು ನೋಡಿದ್ರೆ ಮಾತ್ರ ಅಪರಾಧ. ಬಕೆಟ್ಟು ಇಡೋ ಕಡೆ ಖಾಸಗಿತನ ಇರುತ್ತೆ ಅಂತ ನೀವು ನಂಬಿದ್ದೇ ತಪ್ಪು. ಕಂಪನಿ ನೋಡ್ತಾ ಇದ್ದಿದ್ದು ಬಕೆಟ್ಟುಗಳನ್ನ. ಮಧ್ಯೆ ನೀವು ಬಂದ್ರಿ."

"ಅಂದ್ರೆ ಬಕೆಟ್ಟಿನ ಮಾನ ಕಾಯ್ತಿದ್ರಿ."

"ವ್ಯಂಗ್ಯ ಬೇಡ."

"ಬಟ್ಟೆ ಅಲ್ಲೇ ಬದಲಿಸಿ ಅಂತ ಹೇಳಿದ್ದು ಯಾರು ಸಾರ್?"

"ಲಿಖಿತವಾಗಿ ಹೇಳಿದಾರಾ?" ಎಂದ ವಕೀಲ.

ಬಡವರ ಬದುಕಿನಲ್ಲಿ ಯಾವುದು ತಾನೇ ಲಿಖಿತವಾಗಿ ಬರುತ್ತದೆ? ಬಂತು, ಮರುದಿನ ಬೆಳಿಗ್ಗೆ. ಏಳು ಜನರಿಗೆ ಏಳು ನೋಟೀಸು. ಹತ್ತನೇ ತರಗತಿ ಓದಿದ್ದ ಸಣ್ಣಿ ಓದಿ ಹೇಳಿದಳು. 'ಕಂಪನಿಯ ಸ್ವತ್ತಾದ ಕ್ಯಾಮೆರಾದ ಮುಂದೆ ಪೂರ್ವಾನುಮತಿ ಇಲ್ಲದೆ ವಿವಸ್ತ್ರರಾಗಿ ಅಸಭ್ಯವಾಗಿ ವರ್ತಿಸಿದ್ದಕ್ಕೆ ಮೂರು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.'

"ಪೂರ್ವಾನುಮತಿ ಅಂದ್ರೆ?" ಎಂದಳು ದೊಡ್ಡಮ್ಮ.

"ಮೊದಲೇ ಕೇಳ್ಕೊಂಡು ಬಿಚ್ಬೇಕಿತ್ತಂತೆ."

ಆ ಸಂಜೆ ಮೆಟ್ಟಿಲಕ್ಕ ಮನೆಯಲ್ಲಿ ಹೇಳಿದಳು. ಅವಳ ಗಂಡ ಗೋಡೆಗೆ ಬಣ್ಣ ಬಳಿಯುವವ. ಉಗುರಿನ ಸುಣ್ಣವನ್ನೆಲ್ಲ ಕೆರೆದು ಮುಗಿಸಿದ. ಆಮೇಲೆ ಕೇಳಿದ:

"ಯಾರ್ಯಾರು ನೋಡಿದ್ರು?"

"ನಂಗೆ ಹೇಗೆ ಗೊತ್ತಾಗುತ್ತೆ?"

"ಎಲ್ಲಾ ಕಾಣ್ತಿತ್ತಾ?"

ಅವಳ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು. ಮೂಲೆಯಲ್ಲಿ ಮಲಗಿದ್ದ ಅತ್ತೆ ಎದ್ದು ಕೂತಳು.

"ಲೋ, ಅವಳನ್ನೇನೋ ಕೇಳ್ತೀಯ? ಅವಳೇನು ತನ್ನನ್ನ ತಾನೇ ಕಿಂಡೀಲಿ ಇಣುಕಿ ನೋಡ್ಕೊಂಡ್ಳಾ?"

"ಅದಲ್ಲಮ್ಮ. ಕೆಲಸ ಬಿಡ್ಲಿ. ಮಾನಕ್ಕಿಂತ ಕೆಲಸ ಹೆಚ್ಚಾ?"

"ಚೆನ್ನಾಗಿದೆ ಕಣೋ ನಿನ್ನ ನ್ಯಾಯ. ಕದ್ದೋನು ಅಂಗಡೀಲಿ ಮೆರೀತಿರ್ಬೇಕು, ಕಳ್ಕೊಂಡೋಳು ಮನೇಲಿ ಮುಸುಕು ಹಾಕ್ಕೊಂಡು ಬಿದ್ದಿರ್ಬೇಕು. ನಿನ್ನನ್ನ ಹೆತ್ತಾಗ ಡಾಕ್ಟ್ರಿಲ್ದೆ ಕಾಂಪೌಂಡರ್ರು ನೋಡಿದ್ದ. ಆವತ್ತಿಂದ ನನ್ನ ಮಾನ ಹೋಗಿದೆಯೇನೋ?"

ಗಂಡ ಎದ್ದು, ಬಿದ್ದ ತಟ್ಟೆ ಎತ್ತಿಟ್ಟ. ಮೆಟ್ಟಿಲಕ್ಕ ಚಪ್ಪಲಿ ಮೆಟ್ಟಿಕೊಂಡು ಸಣ್ಣಿಯ ಮನೆ ಕಡೆ ಹೊರಟಳು.

ಮರುದಿನ ಏಳು ಜನವೂ ಠಾಣೆಗೆ ಹೋದರು. ಇನ್ಸ್‌ಪೆಕ್ಟರ್ ಒಳ್ಳೆಯ ಮಾತಿನವನು. ಕೂರಿಸಿದ. ನೀರು ಕೊಡಿಸಿದ.

"ವಿಡಿಯೋ ತಂದಿದೀರಾ?"

"ಅದು ಅವರ ಹತ್ರ ಇದೆ ಸಾರ್."

"ವಿಡಿಯೋ ಇಲ್ದೆ ಅಪರಾಧ ಹೇಗಮ್ಮ? ಎಷ್ಟು ಕಂಡಿದೆ ಅನ್ನೋದರ ಮೇಲೆ ಕಲಮು. ಅರ್ಧ ಕಂಡ್ರೆ ಒಂದು, ಪೂರ್ತಿ ಕಂಡ್ರೆ ಇನ್ನೊಂದು. ನೋಡದೆ ಹೇಗೆ ಬರೀಲಿ?"

"ಮಹಿಳಾ ಪೊಲೀಸ್ ಇಲ್ವಾ ಸಾರ್?"

"ಒಬ್ಬರಿದಾರೆ. ಮಂತ್ರಿಗಳ ಮನೆ ಮದುವೆಗೆ ಬಂದೋಬಸ್ತು. ಚಿಂತೆ ಬೇಡ, ನಾನೇ ಖುದ್ದಾಗಿ ನೋಡ್ತೀನಿ."

ನೋಡಿದ. ಅದೇ ಮಧ್ಯಾಹ್ನ ಅಂಗಡಿಗೆ ಬಂದು ಮ್ಯಾನೇಜರ್ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಗಂಟೆ ಸ್ಥಳ ಪರಿಶೀಲನೆ ಮಾಡಿದ. ಹೊರಗೆ ಬಂದವನು ಮೆಟ್ಟಿಲು ಒರೆಸುತ್ತಿದ್ದ ಮೆಟ್ಟಿಲಕ್ಕನಿಗೆ ಹೇಳಿದ: "ಸೂಕ್ಷ್ಮ ವಿಷಯ. ಮೊದಲು ಕಂಪನಿಯೋರೇ ಒಂದು ವಿಚಾರಣೆ ಮಾಡ್ಲಿ. ವರದಿ ಬರ್ಲಿ. ಆಮೇಲೆ ನೋಡೋಣ." ಒದ್ದೆ ಮೆಟ್ಟಿಲ ಮೇಲೆ ಬೂಟಿನ ಗುರುತು ಬಿಟ್ಟು ಇಳಿದುಹೋದ. ಅವಳು ಮತ್ತೆ ಒರೆಸಿದಳು.

ವಿಚಾರಣೆ ನಾಲ್ಕನೇ ಅಂತಸ್ತಿನ ಸಭೆಯ ಕೋಣೆಯಲ್ಲಿ ನಡೆಯಿತು. ಮ್ಯಾನೇಜರ್ ಅಧ್ಯಕ್ಷ. ಪಕ್ಕದಲ್ಲಿ ವಕೀಲ. ಆಮೇಲೆ ಗೋದಾಮಿನ ಮುಖ್ಯಸ್ಥ, ಮಾಹಿತಿ ಒದಗಿಸಲು ಸೂಪರ್‌ವೈಸರ್. ಸಮಿತಿಯಲ್ಲಿ ಹೊರಗಿನ ಒಬ್ಬ ಹೆಂಗಸು ಇರಲೇಬೇಕೆಂದು ಕಾನೂನಿದೆಯಂತೆ. ಅದಕ್ಕೆ ಒಬ್ಬ ಸಮಾಜಸೇವಕಿಯನ್ನು ಕರೆಸಿದ್ದರು. ಎದುರಿಗೆ ಗೋಡೆಗೆ ಬಿಳಿ ಪರದೆ. ಯಂತ್ರ ನಡೆಸಲು ಕ್ಯಾಮೆರಾ ಕಂಪನಿಯಿಂದ ಕನ್ನಡಕದ ಹೆಂಗಸೊಬ್ಬಳು ಬಂದಿದ್ದಳು. ಅವಳಿಗೆ ಒಳಸುಳಿ ಏನೂ ಗೊತ್ತಿರಲಿಲ್ಲ.

"ಖಾಸಗಿತನದ ವಿಷಯ. ಬಾಗಿಲು ಹಾಕಿ, ಕಿಟಕಿ ಮುಚ್ಚಿ," ಎಂದ ವಕೀಲ.

ಮುಚ್ಚಿದರು. ಏಳು ಹೆಂಗಸರ ಮಾನ ಒಂದು ಹನಿಯೂ ಹೊರಗೆ ಸೋರದ ಹಾಗೆ ನಾಲ್ಕೂ ಕಡೆ ಭದ್ರ ಮಾಡಿ, ಒಳಗೆ ಅದನ್ನು ಗೋಡೆಯಷ್ಟು ದೊಡ್ಡದಾಗಿ ಹರಡುವ ಏರ್ಪಾಡು.

"ದೃಶ್ಯ ಹಾಕ್ತೀವಿ. ಒಬ್ಬೊಬ್ಬರಾಗಿ ಎದ್ದು ನಿಂತು 'ಇದು ನಾನೇ' ಅಂತ ಗುರುತಿಸ್ಬೇಕು. ಗುರುತಿಸದೆ ಇದ್ರೆ ದೂರಿಗೆ ಬಲ ಇಲ್ಲ."

ಸೂಪರ್‌ವೈಸರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಪರದೆ ಬೆಳಗಿತು. ಬಕೆಟ್ಟು ಕೋಣೆ. ಏಳು ಮೊಳೆ. ಬಾಗಿಲು ತೆರೆಯಿತು. ಒಂದು ಭುಜ ಕಾಣಿಸಿತು.

ಮೆಟ್ಟಿಲಕ್ಕ ಕೆಲಸದಿಂದ ನೇರವಾಗಿ ಬಂದಿದ್ದಳು. ಹೆಗಲ ಮೇಲೆ ಒದ್ದೆ ಒರೆಸುಬಟ್ಟೆ ಹಾಗೇ ಇತ್ತು. ಎದ್ದಳು. ಎರಡು ಹೆಜ್ಜೆ ಹಾಕಿ ಬಟ್ಟೆಯನ್ನು ಪ್ರೊಜೆಕ್ಟರಿನ ಕಣ್ಣಿನ ಮೇಲೆ ಪಟ್ಟನೆ ಹಾಕಿದಳು. ಪರದೆ ಕಪ್ಪಾಯಿತು. ಕೋಣೆ ತುಂಬ ಫಿನಾಯಿಲ್ ವಾಸನೆ.

"ಏನಮ್ಮ ಇದು!" ಮ್ಯಾನೇಜರ್ ಎದ್ದು ನಿಂತ.

"ಒರೆಸೋದು ನನ್ ಕೆಲಸ ಸಾರ್. ಕೊಳೆ ಕಾಣಿಸ್ತು."

"ನೀನು ಗುರುತಿಸದೆ ಇದ್ರೆ ಕೇಸು ಬಿದ್ದುಹೋಗುತ್ತೆ," ಎಂದ ವಕೀಲ.

"ಬೀಳ್ಲಿ. ನಮ್ಮನ್ನ ನಾವು ಗುರುತಿಸಲ್ಲ. ಯಾರೂ ಏಳಬೇಡ್ರೇ. ನಾವು ಕದ್ದವರಲ್ಲ, ಸಾಲಾಗಿ ನಿಂತು ಮೈ ತೋರಿಸೋಕೆ." ಅವಳು ಕನ್ನಡಕದ ಹೆಂಗಸಿನ ಕಡೆ ತಿರುಗಿದಳು. "ಅಮ್ಮಾ, ಒಂದ್ ಮಾತು ಕೇಳ್ತೀನಿ. ಇದನ್ನ ಇವತ್ತಿನವರೆಗೆ ಯಾರ್ಯಾರು ನೋಡಿದಾರೆ ಅಂತ ಈ ಯಂತ್ರಕ್ಕೆ ಗೊತ್ತಾಗುತ್ತಾ?"

"ಗೊತ್ತಾಗ್ದೆ ಏನು?" ಎಂದಳು ಅವಳು. ತನ್ನ ಯಂತ್ರದ ಬಗ್ಗೆ ಅವಳಿಗೆ ಹೆಮ್ಮೆ. "ಪಾಸ್‌ವರ್ಡ್ ಹಾಕಿ ತೆರೆದೋರ ಪಟ್ಟಿ ತಾನಾಗೇ ಬರೆದಿಡುತ್ತೆ. ತಾರೀಖು, ಗಂಟೆ, ನಿಮಿಷ ಸಮೇತ. ಇಲ್ಲೇ ಇದೆ ನೋಡಿ, ನನ್ನ ಲ್ಯಾಪ್‌ಟಾಪಲ್ಲಿ. ಮೂರು ತಿಂಗಳಲ್ಲಿ ಒಟ್ಟು ಇನ್ನೂರ ಹದಿನಾಲ್ಕು ಸಲ. ಸೂಪರ್‌ವೈಸರ್, ನೂರಾ ನಲವತ್ತು."

"ನಿಲ್ಲಿಸಿ," ಎಂದ ಮ್ಯಾನೇಜರ್.

"ಮ್ಯಾನೇಜರ್, ನಲವತ್ತೊಂದು. ಗೋದಾಮು ವಿಭಾಗ, ಹತ್ತೊಂಬತ್ತು."

ಗೋದಾಮಿನ ಮುಖ್ಯಸ್ಥ ಪೆನ್ನಿನ ಮುಚ್ಚಳ ಹುಡುಕತೊಡಗಿದ.

"ಕಾನೂನು ಸಲಹೆಗಾರರು, ಹನ್ನೊಂದು. ಅತಿಥಿ, ಪೊಲೀಸ್ ಇಲಾಖೆ, ಮೂರು."

ವಕೀಲ ಗಂಟಲು ಸರಿಮಾಡಿಕೊಂಡ. "ನಾನು ನೋಡಿದ್ದು ಕಾನೂನು ಅಭಿಪ್ರಾಯ ರೂಪಿಸೋಕೆ."

"ಹನ್ನೊಂದು ಸಲಾನಾ ಸ್ವಾಮಿ?" ಎಂದಳು ದೊಡ್ಡಮ್ಮ. "ಅಭಿಪ್ರಾಯ ಎದ್ದು ನಿಲ್ಲೋಕೆ ಅಷ್ಟು ಹೊತ್ತು ಬೇಕಾಯ್ತಾ?"

ಒಬ್ಬಳು ಕಿಸಕ್ಕನೆ ನಕ್ಕಳು. ನಕ್ಕವಳು ಸಣ್ಣಿ. ನಗುತ್ತಲೇ ಅವಳಿಗೆ ಅಳು ಬಂತು.

"ಅಮ್ಮಾ, ಕಳ್ಳತನ ಎಷ್ಟು ಸಿಕ್ಕಿದೆ ಅಂತಾನೂ ಇರುತ್ತಾ?" ಮೆಟ್ಟಿಲಕ್ಕ ಕೇಳಿದಳು.

"ಆ ಪುಟ ಖಾಲಿ ಇದೆ." ಈಗ ಕನ್ನಡಕದ ಹೆಂಗಸಿನ ದನಿ ಸಣ್ಣಗಾಗಿತ್ತು. ಅವಳಿಗೂ ಅರ್ಥವಾಗಿತ್ತು.

ಅಲ್ಲಿಯವರೆಗೆ ತುಟಿ ಬಿಚ್ಚದ ಸಮಾಜಸೇವಕಿ ಕೇಳಿದಳು: "ನನ್ನನ್ನ ಯಾಕೆ ಕರೆಸಿದ್ರಿ?"

"ಒಬ್ಬ ಹೆಂಗಸು ಇರ್ಬೇಕಲ್ಲ ಮೇಡಂ," ಎಂದ ಮ್ಯಾನೇಜರ್.

"ಸರಿ, ಇದ್ದೀನಿ. ಆ ಪಟ್ಟೀದು ಒಂದು ಪ್ರತಿ ತೆಗೆದು ಇವರ ಕೈಗೆ ಕೊಡಿ. ಸಮಿತಿ ಸದಸ್ಯೆಯಾಗಿ ಹೇಳ್ತಿದೀನಿ."

"ಅದು ಕಂಪನಿಯ ಗೌಪ್ಯ ದಾಖಲೆ!" ವಕೀಲ ಕೂಗಿದ. ಅಷ್ಟರಲ್ಲಿ ಕನ್ನಡಕದ ಹೆಂಗಸು ಗುಂಡಿ ಒತ್ತಿದ್ದಳು. ಮೂಲೆಯ ಯಂತ್ರದಿಂದ ಎಂಟು ಹಾಳೆ ಬಂದವು. ಮೆಟ್ಟಿಲಕ್ಕ ತೆಗೆದುಕೊಂಡಳು. ನಿಲುವಂಗಿಗೆ ಜೇಬಿಲ್ಲ. ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲೇ ಹಿಡಿದಳು.

ಏಳು ಜನ ಇಳಿದರು. ಹಿಂಬಾಗಿಲಿಗೆ ಹೋಗಲಿಲ್ಲ. ಗಿರಾಕಿಗಳ ಗಾಜಿನ ಬಾಗಿಲು ತಳ್ಳಿಕೊಂಡು, ಕಂದು ನಿಲುವಂಗಿಯಲ್ಲೇ ಬೀದಿಗೆ ಬಂದರು.

ಹಳೇ ಠಾಣೆಗೆ ಹೋಗುವ ಮಾತೇ ಇರಲಿಲ್ಲ, ಅದು ಪಟ್ಟಿಯಲ್ಲಿತ್ತು. ಪೊಲೀಸರ ಮೇಲಿನ ಕಚೇರಿಗೆ ನಡೆದರು. ಅಲ್ಲಿ ದೊಡ್ಡ ಅಧಿಕಾರಿ ಒಬ್ಬ ಹೆಂಗಸು. ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ ಎಂದರು. ಏಳೂ ಜನ ಪಡಸಾಲೆಯ ನೆಲದ ಮೇಲೆ ಕೂತರು. ಗುಡಿಸಲು ಬಂದ ಹೆಂಗಸು ಅವರ ನಿಲುವಂಗಿ ನೋಡಿ, ಏನೂ ಕೇಳದೆ, ಸುತ್ತ ಗುಡಿಸಿಕೊಂಡು ಹೋದಳು. ಸಂಜೆ ಐದಕ್ಕೆ ಕರೆ ಬಂತು.

ಅಧಿಕಾರಿಗೆ ದಣಿವಾಗಿತ್ತು. ಪೆನ್ನು ತೆಗೆದು, ಕೇಳಬೇಕಾದ್ದನ್ನು ಕೇಳಿದಳು.

"ವಿಡಿಯೋದಲ್ಲಿ ಏನೇನು ಕಾಣುತ್ತೆ?"

"ಗೊತ್ತಿಲ್ಲಮ್ಮ," ಎಂದಳು ಮೆಟ್ಟಿಲಕ್ಕ. "ನಾನು ನೋಡಿಲ್ಲ. ಇನ್ನೂರ ಹದಿನಾಲ್ಕು ಸಲ ನೋಡಿದೋರ ಹೆಸರು ಈ ಕಾಗದದಲ್ಲಿದೆ. ಏನೇನು ಕಾಣುತ್ತೆ ಅಂತ ಅವರನ್ನ ಕೇಳಿ. ನಮ್ಮ ಮೈ ಯಾಕಮ್ಮ ಸಾಕ್ಷಿ ಆಗ್ಬೇಕು? ಅವರ ಕಣ್ಣಾಗ್ಲಿ."

ಅಧಿಕಾರಿ ಪೆನ್ನು ಕೆಳಗಿಟ್ಟಳು. ಎಂಟೂ ಹಾಳೆ ಓದಿದಳು. ಕೊನೆಯ ಹಾಳೆಯ ಹತ್ತಿರ ಅವಳ ದಣಿವು ಇಳಿದಂತೆ ಕಂಡಿತು.

"ಈ ಪೊಲೀಸ್ ಅತಿಥಿ ಯಾರು?"

ಹೇಳಿದರು. ಅವಳು ಪೆನ್ನು ಎತ್ತಿಕೊಂಡಳು. "ಯಾರು ಹೇಳ್ತೀರಿ? ನಿಧಾನಕ್ಕೆ ಹೇಳಿ, ಬರ್ಕೋತೀನಿ."

"ನಾನು ಹೇಳ್ತೀನಿ," ಎಂದಳು ಸಣ್ಣಿ.

ದೂರು ದಾಖಲಾಯಿತು. ಹಾಗೆಂದು ಆಕಾಶವೇನೂ ಕಳಚಿ ಬೀಳಲಿಲ್ಲ. ಐದು ಜನ ಆರೋಪಿಗಳಿಗೆ ಎರಡೇ ದಿನದಲ್ಲಿ ಜಾಮೀನು. ಇನ್ಸ್‌ಪೆಕ್ಟರ್ ಅಮಾನತಾದ; ಪೂರ್ತಿ ಸಂಬಳ ಇಲ್ಲದಿದ್ದರೂ ಪೂರ್ತಿ ವಿಶ್ರಾಂತಿ. ಏಳು ಹೆಂಗಸರು ಕೆಲಸ ಕಳೆದುಕೊಂಡರು. ಜೊತೆಗೆ ಕಂಪನಿ ಅವರ ಮೇಲೆ ಪ್ರತಿದೂರು ಕೊಟ್ಟಿತು: ನಿಲುವಂಗಿ ತೊಟ್ಟುಕೊಂಡೇ ಹೊರಗೆ ಹೋಗಿ ಕಂಪನಿಯ ಏಳು ಬಟ್ಟೆ ಕದ್ದಿದ್ದಾರೆ. ಮೂರು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾದ ಕಂಪನಿಗೆ ಕೊನೆಗೂ ಕಳ್ಳತನ ಸಿಕ್ಕಿತು. ಅತ್ತೆ ಸೊಸೆಯ ನಿಲುವಂಗಿ ಒಗೆದು, ಮಡಿಸಿ, ಅಂಚೆಯಲ್ಲಿ ಕಳಿಸುವಾಗ ಹೇಳಿದಳು: "ಇದನ್ನೂ ನೋಡ್ಕೊಳ್ಳಲಿ."

ಮೆಟ್ಟಿಲಕ್ಕ ಈಗ ಒಂದು ಆಸ್ಪತ್ರೆಯ ನೆಲ ಒರೆಸುತ್ತಾಳೆ. ಸಣ್ಣಿಗೆ ಅಲ್ಲೇ ಕೆಲಸ ಕೊಡಿಸಿದ್ದಾಳೆ.

ಕೋರ್ಟಿನ ಮೊದಲ ವಾಯಿದೆಗೆ ಗಂಡನೂ ಕೆಲಸ ಬಿಟ್ಟು ಬಂದ. ಬಣ್ಣದ ಕಲೆಯಿಲ್ಲದ ಅಂಗಿ ಹಾಕಿದ್ದ. ಅವಳ ಪಕ್ಕದಲ್ಲಿ ಕೂತ, ಏನೂ ಕೇಳಲಿಲ್ಲ. ಏಳು ಹೆಂಗಸರು ಮುಂದಿನ ಬೆಂಚಿನಲ್ಲಿದ್ದರು. ಪತ್ರಿಕೆಯವರು ಬಂದಿದ್ದರು. ಐದೂ ಆರೋಪಿಗಳು ಕಟಕಟೆಯಲ್ಲಿ ಮುಖಕ್ಕೆ ಕೈ, ಕೈವಸ್ತ್ರ ಅಡ್ಡ ಹಿಡಿದು ನಿಂತಿದ್ದರು. ಆರೋಪಿಗಳ ಪರ ಹೊಸ ವಕೀಲ 'ಕಲಾಪಕ್ಕೆ ಮೊದಲು ಒಂದು ಅರ್ಜಿ ಇದೆ' ಎಂದು ಎದ್ದ.

"ಸ್ವಾಮಿ, ನನ್ನ ಕಕ್ಷಿದಾರರು ಸಂಸಾರವಂತರು. ಎಲ್ಲರೂ ಹೀಗೆ ದಿಟ್ಟಿಸಿ ನೋಡುವುದರಿಂದ ಅವರ ಖಾಸಗಿತನಕ್ಕೆ ಧಕ್ಕೆಯಾಗುತ್ತಿದೆ. ಮುಖ ಮುಚ್ಚಿಕೊಂಡು ಹಾಜರಾಗಲು ಅಪ್ಪಣೆ ಕೊಡಬೇಕು."

ಮೆಟ್ಟಿಲಕ್ಕ ನಕ್ಕಳು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಜವಾನ ಗದರಿದ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು.

"ಯಾಕಮ್ಮ ನಗು? ನಿಮಗೆ ಆಕ್ಷೇಪಣೆ ಇದೆಯಾ?"

ಅವಳು ಎದ್ದು ನಿಂತಳು.

"ನಾಲ್ಕು ವರ್ಷ ಇವರ ನೆಲ ಒರ್ಸಿದೀನಿ ಸ್ವಾಮಿ. ಒಂದ್ ದಿನವೂ ನಮ್ಮ ಮುಖ ನೋಡಿ ಮಾತಾಡಿದೋರಲ್ಲ. ಈಗ ಕೇಳಿ ನೋಡಿ, ಯಾರ ಮುಖ ಯಾರದು ಅಂತ ಇವರಿಗೆ ಗೊತ್ತಿಲ್ಲ. ಇವತ್ತಾದ್ರೂ ನೋಡ್ಲಿ ಅಂತ ಏಳು ಜನ ಮುಂದೇನೇ ಬಂದು ಕೂತಿದೀವಿ. ಈಗ ಇವರೇ ಮುಖ ಮುಚ್ಕೋತಾರಂತೆ."

ಹಿಂದಿನ ಬೆಂಚುಗಳಲ್ಲಿ ಗುಜುಗುಜು ಎದ್ದಿತು. ನ್ಯಾಯಾಧೀಶರು ಮೇಜು ಕುಟ್ಟಿದರು. ಅರ್ಜಿಯನ್ನು ಎರಡು ಸಲ ಓದಿದರು.

"ಆದೇಶ ಮುಂದಿನ ವಾಯಿದೆಗೆ," ಎಂದರು. "ಅಲ್ಲಿಯವರೆಗೆ ಕೈ ಕೆಳಗಿಳಿಸಿ ನಿಲ್ಲಿ."

ಸೂಪರ್‌ವೈಸರ್ ಮುಖದ ಮೇಲಿದ್ದ ಕೈವಸ್ತ್ರ ತೆಗೆದ.